"ಸೀಟ್ ಸಿಗತೈತೇನ್ರಿ ಸರ್?": ಕಟ್ ಆಫ್ ಪಟ್ಟಿ ಓದುವ ಬಗೆ

ಸಿಇಟಿ ರಿಸಲ್ಟ್ ಬಂದ ಮೇಲೆ ಹದಿನೈದು ದಿನ ವಿಜಯಪುರದ ಸೈಬರ್ ಸೆಂಟರ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ನನ್ನಂಥವರಿಗೆ ಆಗ ಬಿಡುವೂ ಇರುವುದಿಲ್ಲ. ಹಳೆಯ ವಿದ್ಯಾರ್ಥಿಗಳು, ಅವರ ತಮ್ಮ ತಂಗಿಯರು, ಅವರ ಊರಿನವರು ಎಲ್ಲರೂ ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ.

ತಿಕೋಟಾ ಕಡೆಯ ಹಳ್ಳಿಯಿಂದ ದ್ರಾಕ್ಷಿ ಬೆಳೆಯುವ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಮಗಳ ರ‍್ಯಾಂಕ್ 38 ಸಾವಿರದ ಆಸುಪಾಸು, ಮೀಸಲಾತಿ ಪ್ರವರ್ಗ 2ಎ. "ಕಂಪ್ಯೂಟರ್ ಸೀಟ್ ಸಿಗತೈತೇನ್ರಿ ಸರ್?" ಅಂದರು. ಮೊಬೈಲ್‌ನಲ್ಲಿ ಯಾರೋ ಕಳಿಸಿದ ಪಟ್ಟಿ ಇತ್ತು. ಅದರಲ್ಲಿ ಅವಳಿಗೆ ಬೇಕಾದ ಕಾಲೇಜಿನ ಮುಂದೆ 31 ಸಾವಿರದ ಒಂದು ಸಂಖ್ಯೆ. "ಇದು ನಮಗ ದಾಟಿ ಹೋಗೇತಿ, ಬಿಡ್ರಿ" ಅಂತ ಅವರೇ ತೀರ್ಪು ಕೊಟ್ಟುಕೊಂಡಿದ್ದರು. ಹುಡುಗಿ ಏನೂ ಮಾತಾಡದೆ ನೆಲ ನೋಡುತ್ತಾ ನಿಂತಿದ್ದಳು.

ನಾನು ರ‍್ಯಾಂಕ್ ಕೇಳಲಿಲ್ಲ. "ತಂಗಿ, ಒಂದರಿಂದ ಹತ್ತನೇ ತನಕ ಎಲ್ಲಿ ಓದೀದಿ?" ಅಂತ ಕೇಳಿದೆ. ಸೀಟಿನ ಲೆಕ್ಕ ಶುರುವಾಗುವುದು ಅಲ್ಲಿಂದ. ಯಾಕೆ ಅಂತ ಹೇಳುವ ಮೊದಲು ಆ 31 ಸಾವಿರ ಅನ್ನುವ ಸಂಖ್ಯೆ ಏನು ಅಂತ ನೋಡಬೇಕು.

ಕಟ್ ಆಫ್ ಅನ್ನುವುದನ್ನು ಯಾರೂ ಮೊದಲೇ ಕೂತು ನಿಗದಿ ಮಾಡುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವೂ ಮಾಡುವುದಿಲ್ಲ, ಕಾಲೇಜೂ ಮಾಡುವುದಿಲ್ಲ. ಹೋದ ವರ್ಷ ಆ ಕಾಲೇಜಿನ ಆ ಬ್ರಾಂಚಿನಲ್ಲಿ, ಆ ಕೆಟಗರಿಯಲ್ಲಿ, ಆ ಸುತ್ತಿನಲ್ಲಿ ಕೊನೆಗೆ ಸೀಟು ಪಡೆದವರ ರ‍್ಯಾಂಕ್ ಅದು, ಅಷ್ಟೇ. ಅವರು ಬೇರೆ ಕಾಲೇಜನ್ನು ಮೇಲೆ ಬರೆದಿದ್ದರೆ ಆ ಸಂಖ್ಯೆಯೇ ಬೇರೆ ಆಗುತ್ತಿತ್ತು.

ಇದು ಎಷ್ಟು ಅಲುಗಾಡುವ ಸಂಖ್ಯೆ ಅಂತ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಿ. ಖಾಸಗಿ ಕಾಲೇಜೊಂದರಲ್ಲಿ ಒಂದು ಬ್ರಾಂಚಿಗೆ 60 ಸೀಟು ಇವೆ ಅಂದುಕೊಳ್ಳಿ. ಇಂಥ ಕಾಲೇಜಿನಲ್ಲಿ ಸಾಮಾನ್ಯವಾಗಿ ಶೇ 45 ಸೀಟು ಸರಕಾರಿ ಕೋಟಾಕ್ಕೆ, ಅಂದರೆ ಸಿಇಟಿಗೆ. ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆಗೆ, ಉಳಿದದ್ದು ಮ್ಯಾನೇಜ್‌ಮೆಂಟಿಗೆ. ಹಾಗಾಗಿ 60ರಲ್ಲಿ ಸಿಇಟಿಗೆ ಬರುವುದು 27. ಅದರಲ್ಲಿ 2ಎಗೆ ಶೇ 15 ಅಂದರೆ ಸುಮಾರು 4 ಸೀಟು. 3ಬಿಗೆ ಶೇ 5, 3ಎಗೆ ಶೇ 4, ಪ್ರವರ್ಗ 1ಕ್ಕೂ ಶೇ 4. ಇವಕ್ಕೆಲ್ಲ ಒಂದೊಂದೇ ಸೀಟು. ಆ ಒಂದು ಸೀಟಿನಲ್ಲಿ ಹೋದ ವರ್ಷ ಯಾರೋ ಒಬ್ಬರು ಕೂತರು. ಅವರ ರ‍್ಯಾಂಕೇ ಕಟ್ ಆಫ್ ಆಯಿತು. ಈ ವರ್ಷ ಅದೇ ಸೀಟಿಗೆ 22 ಸಾವಿರದವರು ಬರಬಹುದು, 45 ಸಾವಿರದವರೂ ಬರಬಹುದು. ಒಬ್ಬರ ಆಯ್ಕೆಯನ್ನು ನಂಬಿ ಇನ್ನೊಬ್ಬರ ನಾಲ್ಕು ವರ್ಷ ತೀರ್ಮಾನ ಮಾಡುವುದು ಸರಿಯಲ್ಲ.

ಜಿಎಂ (ಜನರಲ್ ಮೆರಿಟ್) ಸೀಟು ಹೆಚ್ಚು ಇರುವುದರಿಂದ ಆ ಸಂಖ್ಯೆ ಸ್ವಲ್ಪ ಗಟ್ಟಿ. ಸೀಟು ಕಡಿಮೆ ಆದಷ್ಟೂ ಸಂಖ್ಯೆ ಜಾಸ್ತಿ ಕುಣಿಯುತ್ತದೆ. ಪಟ್ಟಿಯ ಕೆಲವು ಕಾಲಂನಲ್ಲಿ ಬರೀ ಗೆರೆ ಇರುತ್ತದೆ. ಅದನ್ನು ನೋಡಿ "ನಮ್ಮವರಿಗೆ ಸೀಟೇ ಇಲ್ಲ" ಅಂದುಕೊಳ್ಳುವವರಿದ್ದಾರೆ. ಆ ಕಾಲಂನಲ್ಲಿ ಆ ಸುತ್ತಿನಲ್ಲಿ ಯಾರಿಗೂ ಹಂಚಿಕೆ ಆಗಿಲ್ಲ ಅಂತ ಮಾತ್ರ ಅದರ ಅರ್ಥ. ಸೀಟು ಎಷ್ಟಿವೆ ಅಂತ ನೋಡಬೇಕಾದರೆ ಆ ವರ್ಷದ ಸೀಟ್ ಮ್ಯಾಟ್ರಿಕ್ಸ್, ಅಂದರೆ ಸೀಟುಗಳ ಕೋಷ್ಟಕ, ನೋಡಬೇಕು.

ಇನ್ನೊಂದು ಮಾತು. 2ಎ ಹುಡುಗಿಗೆ 2ಎ ಕಾಲಂ ಒಂದೇ ಅಲ್ಲ, ಜಿಎಂ ಕಾಲಂ ಕೂಡ ಅವಳದ್ದೇ. ಜಿಎಂ ಸೀಟು ಎಲ್ಲರಿಗೂ ತೆರೆದದ್ದು. ರ‍್ಯಾಂಕ್ ಒಳ್ಳೆಯದಿದ್ದರೆ ಅಲ್ಲೇ ಸಿಗುತ್ತದೆ. ಇದನ್ನು ಪ್ರತಿವರ್ಷ ಹತ್ತಾರು ಜನರಿಗೆ ಹೇಳುತ್ತೇನೆ. ಆದರೂ ಮೀಸಲಾತಿ ಇದ್ದವರು ತಮ್ಮ ಕಾಲಂ ಒಂದನ್ನೇ ನೋಡಿ ಹೊರಟುಬಿಡುತ್ತಾರೆ.

ಈಗ ವರ್ಷದಿಂದ ವರ್ಷಕ್ಕೆ ಹೋಲಿಸುವ ವಿಚಾರ. ಇಲ್ಲಿಯೇ ಜಾಸ್ತಿ ಜನ ತಪ್ಪುತ್ತಾರೆ. 2022ರಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಸಿಕ್ಕವರು ಸುಮಾರು 1 ಲಕ್ಷ 71 ಸಾವಿರ ಮಂದಿ. 2024ರಲ್ಲಿ ಅದು ಸುಮಾರು 2 ಲಕ್ಷ 74 ಸಾವಿರ. ಎರಡು ವರ್ಷದಲ್ಲಿ ಒಂದು ಲಕ್ಷ ಜನ ಸಾಲಿಗೆ ಸೇರಿದರು. ಸಾಲು ಉದ್ದವಾದಾಗ ಅದೇ ತಯಾರಿಯ ಹುಡುಗ ಇನ್ನೂ ಹಿಂದಿನ ನಂಬರಿನಲ್ಲಿ ನಿಲ್ಲುತ್ತಾನೆ. ಅಣ್ಣನಿಗೆ 2022ರಲ್ಲಿ 30 ಸಾವಿರ ಬಂದಿತ್ತು, ತಮ್ಮನಿಗೆ ಈಗ 42 ಸಾವಿರ, ಹಾಗಾಗಿ ತಮ್ಮ ದಡ್ಡ ಅಂತ ಮನೆಯಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಆ ಹುಡುಗನ ಮುಖ ನೋಡಿದರೆ ಸಂಕಟ ಆಗುತ್ತದೆ. ಆ ಎರಡು ಸಂಖ್ಯೆ ಬೇರೆ ಬೇರೆ ಸಾಲಿನವು ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

2021 ಅಂತೂ ಹೋಲಿಕೆಗೇ ಬರುವುದಿಲ್ಲ. ಕೋವಿಡ್‌ನಿಂದ ಆ ವರ್ಷ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ, ಸಿಇಟಿ ಅಂಕದ ಮೇಲಷ್ಟೇ ರ‍್ಯಾಂಕ್ ಕೊಟ್ಟರು. 2022ರಲ್ಲಿ ಆ ಬ್ಯಾಚಿನ ರಿಪೀಟರ್‌ಗಳ ಪಿಯು ಅಂಕವನ್ನು ಸೇರಿಸಬೇಕೋ ಬೇಡವೋ ಅನ್ನುವ ವಿವಾದ ಹೈಕೋರ್ಟ್‌ವರೆಗೆ ಹೋಯಿತು. ಕೊನೆಗೆ ರ‍್ಯಾಂಕ್ ಪಟ್ಟಿಯನ್ನೇ ಪರಿಷ್ಕರಿಸಬೇಕಾಯಿತು. 2024ರ ಸಿಇಟಿಯಲ್ಲಿ ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆಗಳು ಬಂದವು ಅಂತ ರಾಜ್ಯದಲ್ಲೆಲ್ಲ ಗದ್ದಲ ಆಯಿತು. ಜೀವಶಾಸ್ತ್ರವೂ ಸೇರಿ ಒಟ್ಟು 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಅದೇ ವರ್ಷದಿಂದ ಪಿಯು ಬೋರ್ಡ್ ಪರೀಕ್ಷೆ ಒಂದು, ಎರಡು, ಮೂರು ಅಂತ ಮೂರು ಅವಕಾಶ ಬಂದವು. ಅತ್ತ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮೇಲ್ಮಿತಿಯನ್ನು ತೆಗೆದುಹಾಕಿತು. ಹೆಸರಿರುವ ಕಾಲೇಜುಗಳು ಕಂಪ್ಯೂಟರ್ ಸೈನ್ಸ್ ಸೀಟನ್ನು ಹೆಚ್ಚಿಸಿಕೊಂಡವು. ಸೀಟು ಹೆಚ್ಚಾದ ಕಡೆ ಕೊನೆಯ ರ‍್ಯಾಂಕ್ ಹಿಂದಕ್ಕೆ ಸರಿಯುತ್ತದೆ.

ಹಾಗಾದರೆ ಹಳೆಯ ಪಟ್ಟಿ ಸುಮ್ನೆ ದಂಡವೇ? ಅಲ್ಲ. ಹೀಗೆ ಮಾಡಿ. ಒಂದೇ ವರ್ಷ ನೋಡಬೇಡಿ, ಹಿಂದಿನ ಎರಡು ಮೂರು ವರ್ಷದ್ದು ತೆಗೆಯಿರಿ. ಮೊದಲ ಸುತ್ತಿನದ್ದನ್ನೂ ಕೊನೆಯ ಸುತ್ತಿನದ್ದನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ಸಾಮಾನ್ಯವಾಗಿ ಸುತ್ತು ಮುಂದೆ ಹೋದಂತೆ ರ‍್ಯಾಂಕ್ ಹಿಂದೆ ಸರಿಯುತ್ತದೆ. ಮೆಡಿಕಲ್ ಸಿಕ್ಕವರು, ಎನ್‌ಐಟಿಗೆ ಹೋದವರು ಬಿಟ್ಟುಹೋದ ಸೀಟು ಕೆಳಗಿನವರಿಗೆ ಬರುತ್ತದೆ. ಆಗ ನಿಮಗೆ ಒಂದು ಸಂಖ್ಯೆಯ ಬದಲು ಒಂದು ಅಂತರ ಸಿಗುತ್ತದೆ, ಇಂತಿಷ್ಟರಿಂದ ಇಂತಿಷ್ಟರವರೆಗೆ ಅಂತ. ನಿಮ್ಮ ರ‍್ಯಾಂಕ್ ಅದರ ಒಳಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಸ್ವಲ್ಪ ಹೊರಗಿದ್ದರೂ ಪಟ್ಟಿಯಲ್ಲಿ ಬರೆಯಬಹುದು. ಬಹಳ ದೂರ ಇದ್ದರೂ ಬರೆದರೆ ನಷ್ಟವಿಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ರಿಸಲ್ಟ್‌ಗೆ ಮೊದಲೇ ಅಂದಾಜು ಬೇಕು ಅನ್ನುವವರು ಅಂಕದ ಲೆಕ್ಕ ತಿಳಿದಿರಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುನ 300 ಅಂಕ 50ಕ್ಕೆ ಇಳಿಯುತ್ತದೆ, ಸಿಇಟಿಯ 180 ಅಂಕವೂ 50ಕ್ಕೆ ಇಳಿಯುತ್ತದೆ. ಅಂದರೆ ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ತಿಕೋಟಾದ ಹುಡುಗಿಗೆ ಪಿಸಿಎಂನಲ್ಲಿ 273, ಸಿಇಟಿಯಲ್ಲಿ 81. ಲೆಕ್ಕ ಹಾಕಿದರೆ 45.5 ಮತ್ತು 22.5, ಒಟ್ಟು 68. ಅವಳ ಗೆಳತಿಗೆ ಪಿಸಿಎಂನಲ್ಲಿ 285, ಸಿಇಟಿಯಲ್ಲಿ 70. ಅದು 47.5 ಮತ್ತು 19.4, ಒಟ್ಟು 67ರ ಹತ್ತಿರ. ಬೋರ್ಡ್ ಪರೀಕ್ಷೆಯಲ್ಲಿ 12 ಅಂಕ ಹಿಂದಿದ್ದವಳು ರ‍್ಯಾಂಕಿನಲ್ಲಿ ಮುಂದೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಆದರೂ ಖಾಲಿ ಬಿಟ್ಟು ಬರುವ ಮಕ್ಕಳು ಈಗಲೂ ಇದ್ದಾರೆ, ನನಗೆ ನಂಬಲು ಆಗುವುದಿಲ್ಲ.

ಈಗ ಶಾಲೆಯ ಪ್ರಶ್ನೆಗೆ ಬರೋಣ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳ ಮಕ್ಕಳಿಗೆ ಸೀಟಿನ ಸಾಧ್ಯತೆ ಹೆಚ್ಚಾಗುವುದೂ ಕಡಿಮೆಯಾಗುವುದೂ ಇಲ್ಲೇ.

ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದ್ದರೆ ಶೇ 15 ಗ್ರಾಮೀಣ ಮೀಸಲಾತಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5 ಕನ್ನಡ ಮಾಧ್ಯಮ ಮೀಸಲಾತಿ. ಪಟ್ಟಿಯಲ್ಲಿ ಜಿಎಂಆರ್, 2ಎಆರ್, 2ಎಕೆ ಅಂತೆಲ್ಲ ಇರುವುದು ಇವೇ. ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ, ಜಿ ಅಂದರೆ ಆ ಕೆಟಗರಿಯ ಸಾಮಾನ್ಯ ಸೀಟು. ಈ ಹುಡುಗಿ ಏಳನೇ ತನಕ ಹಳ್ಳಿಯ ಸರಕಾರಿ ಶಾಲೆ, ಎಂಟರಿಂದ ಹತ್ತು ವಿಜಯಪುರದಲ್ಲಿ ಅಕ್ಕನ ಮನೆಯಲ್ಲಿದ್ದು ಓದಿದವಳು. ಅಪ್ಪ ಇಷ್ಟು ದಿನ "ನಾವು ಹಳ್ಳ್ಯಾಗ ಇರೂದು, ರೂರಲ್ ಬರತೈತಿ" ಅಂತ ನಂಬಿದ್ದರು. ಬರುವುದಿಲ್ಲ. ಈಗ ಎಲ್ಲಿ ಮನೆ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಆಗ ಎಲ್ಲಿ ಓದಿದಿರಿ ಅನ್ನುವುದು ಮುಖ್ಯ. ಆದರೆ ಎರಡೂ ಶಾಲೆ ಕನ್ನಡ ಮಾಧ್ಯಮ. ಅರ್ಜಿ ಹಾಕುವಾಗ ಅವಳ ಅಕ್ಕ ಅದನ್ನು ತುಂಬಿದ್ದಳು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿದ ಸರ್ಟಿಫಿಕೇಟ್ ಆ ಪ್ಲಾಸ್ಟಿಕ್ ಫೈಲಿನಲ್ಲೇ ಇತ್ತು. ಅಪ್ಪನಿಗೆ ಅದು ಯಾಕೆ ಅಂತ ಗೊತ್ತಿರಲಿಲ್ಲ.

ಊರಿನ ಹೆಸರು ಹಳ್ಳಿಯಂತಿದ್ದರೂ ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆ ಗ್ರಾಮೀಣ ಆಗುವುದಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮಗ ಎಷ್ಟೇ ಬಡವನಾದರೂ ಊರಲ್ಲೇ ಓದಿದರೆ ಗ್ರಾಮೀಣ ಅಲ್ಲ, ಅದು ನಗರಸಭೆ. ಬೆಳಗಾವಿ ಕಡೆ ಮರಾಠಿ ಮಾಧ್ಯಮದಲ್ಲಿ, ವಿಜಯಪುರದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕನ್ನಡ ಮಾಧ್ಯಮದ ಕಾಲಂ ಇಲ್ಲ. ಆದರೆ ಶಾಲೆ ಹಳ್ಳಿಯಲ್ಲಿದ್ದರೆ ಗ್ರಾಮೀಣ ಕಾಲಂ ಇದೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವಿಚಾರ ನಮ್ಮ ಕಡೆ ನೋವಿನ ವಿಚಾರವೇ. ಸಿಂದಗಿ ತಾಲ್ಲೂಕು ದಾಟಿದರೆ ಜೇವರ್ಗಿ, ಅಫಜಲಪುರ. ಇಳಕಲ್ ದಾಟಿದರೆ ಕುಷ್ಟಗಿ. ಮಳೆ ಅದೇ, ಬರ ಅದೇ. ಆದರೆ ಆ ಕಡೆಯ ಏಳು ಜಿಲ್ಲೆಗಳು ಕಲ್ಯಾಣ ಕರ್ನಾಟಕ. ಅಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು ಅಲ್ಲಿನವರಿಗೆ, ರಾಜ್ಯದ ಉಳಿದ ಕಡೆಯೂ ಶೇ 8. ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಅದು ಅನ್ವಯಿಸುವುದಿಲ್ಲ. ಕಟ್ ಆಫ್ ಪಟ್ಟಿಯೂ ಎರಡು ಇರುತ್ತವೆ, ಸಾಮಾನ್ಯದ್ದು ಬೇರೆ, ಕಲ್ಯಾಣ ಕರ್ನಾಟಕದ್ದು ಬೇರೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿ ಯಾವುದು ಅಂತ ಮೊದಲು ನೋಡಿ. ನೆಂಟರ ಮಗ ಕಲಬುರಗಿಯವನು, ಅವನಿಗೆ ಇಷ್ಟಕ್ಕೆ ಸಿಕ್ಕಿತು ಅನ್ನುವ ಮಾತು ನಿಮ್ಮ ಮಗಳಿಗೆ ಹೊಂದುವುದಿಲ್ಲ.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಕ್ರಮವಾಗಿ ಬರೆಯುವುದು. ಹಂಚಿಕೆ ಮಾಡುವ ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಶುರು ಮಾಡುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಯ್ಕೆ ಖಾಲಿ ಇದೆಯಾ ಅಂತ ನೋಡುತ್ತದೆ. ಇದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ. ಮೊದಲ ಹತ್ತು ಆಯ್ಕೆ ಸಿಗದಿದ್ದರೂ ಹನ್ನೊಂದನೆಯದು ನಿಮ್ಮ ರ‍್ಯಾಂಕಿನ ಬಲದಲ್ಲೇ ಸಿಗುತ್ತದೆ. ಮೇಲೆ ದೊಡ್ಡ ಕಾಲೇಜು ಬರೆದದ್ದಕ್ಕೆ ದಂಡ ಇಲ್ಲ. ಅದಕ್ಕೇ ದೂರದ್ದನ್ನೂ ಬರೆಯಿರಿ ಅಂದದ್ದು. ಸಿಗುವಂಥದ್ದನ್ನು ಮೇಲೆ ಬರೆಯುವುದು ನಮ್ಮವರ ದೊಡ್ಡ ತಪ್ಪು. ಮೂರನೇ ಸಾಲಿನಲ್ಲಿ ಬರೆದದ್ದು ಸಿಕ್ಕಿತೆಂದರೆ ಕೆಳಗಿನ ಆಯ್ಕೆಗಳೆಲ್ಲ ಅಳಿಸಿಹೋಗುತ್ತವೆ. ಮನಸ್ಸಿಗೆ ಬೇಕಾದದ್ದು ಐದನೇ ಸಾಲಿನಲ್ಲಿದ್ದರೆ ಮುಗಿಯಿತು.

ಹುಡುಗಿಗೆ ಮನಸ್ಸಿನಲ್ಲಿ ಇದ್ದದ್ದು ಬೆಂಗಳೂರಿನ ಯುವಿಸಿಇ. 1917ರಲ್ಲಿ ಶುರುವಾದ ಕಾಲೇಜು, 2022ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಅಪ್ಪ ಹೇಳಿದ್ದು, "ಅದು ಸಿಗೂದುಲ್ರಿ, ಸುಮ್ನ ಯಾಕ ಬರಿಯೂದು?" ನಾವು ಅದನ್ನೇ ಮೊದಲು ಬರೆದೆವು. ಕಂಪ್ಯೂಟರ್ ಅಲ್ಲದೆ ಅಲ್ಲಿನ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಸಿವಿಲ್ ಕೂಡ. ಆಮೇಲೆ ಹುಬ್ಬಳ್ಳಿ, ಬೆಳಗಾವಿ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರದ್ದು. ಅಲ್ಲಿ ಅನುದಾನಿತ ಕೋರ್ಸೂ ಇವೆ, ಅನುದಾನ ಇಲ್ಲದವೂ ಇವೆ. ಫೀ ಬೇರೆ ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಕೊನೆಗೆ ವಿಜಯಪುರದ್ದು, ಮನೆಗೆ ಹತ್ತಿರ ಅಂತ. ಒಂದು ಷರತ್ತು ಮಾತ್ರ ಹಾಕಿದೆ. ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಎಲ್ಲೂ ಬರೆಯುವಂತಿಲ್ಲ.

ಮಾಕ್ ಅಲಾಟ್‌ಮೆಂಟ್ (ಪ್ರಯೋಗದ ಹಂಚಿಕೆ) ಬಂದಾಗ ಅದು ನಿಜವಾದ ಸೀಟಲ್ಲ ಅಂತ ನೆನಪಿರಲಿ. ಅದನ್ನು ನೋಡಿ ಪಟ್ಟಿ ತಿದ್ದಬಹುದು. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದು, ಇದೇ ಸಾಕು. ಎರಡು, ಇದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಕೊಡಿ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ನಾನು ಹೊರಗೆ. ಬಹಳ ಮಕ್ಕಳಿಗೆ ಎರಡನೆಯದೇ ಸರಿ. ಮೂರನೆಯದು ಒತ್ತಿದರೆ ಕೈಯಲ್ಲಿದ್ದದ್ದು ಹೋಗುತ್ತದೆ, ಅದನ್ನು ಗೊತ್ತಿದ್ದು ಮಾತ್ರ ಒತ್ತಬೇಕು.

ಈ ಹೊತ್ತಿನಲ್ಲಿ ಏಜೆಂಟರ ಫೋನೂ ಶುರುವಾಗುತ್ತದೆ. "ರ‍್ಯಾಂಕ್ ಎಷ್ಟರೆ ಇರಲಿ, ಸೀಟ್ ಕೊಡಸ್ತೀವ್ರಿ" ಅನ್ನುತ್ತಾರೆ. ಸಿಇಟಿ ಸೀಟನ್ನು ಯಾರೂ ಕೊಡಿಸಲಾರರು. 2024ರಲ್ಲಿ ಸೀಟ್ ಬ್ಲಾಕಿಂಗ್ ದಂಧೆಯ ಮೇಲೆ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟು, ಬಂಧನಗಳೂ ಆದವು. ಸೇರುವ ಮನಸ್ಸಿಲ್ಲದವರ ಹೆಸರಿನಲ್ಲಿ ಸೀಟು ಹಿಡಿದಿಟ್ಟರೆ ಆ ಸೀಟು ಅರ್ಹ ಮಕ್ಕಳಿಗೆ ಸಿಗದೆ ಹೋಗುತ್ತದೆ. ಕಟ್ ಆಫ್ ಕೂಡ ಸುಳ್ಳಾಗುತ್ತದೆ.

ಐಐಟಿ, ಎನ್‌ಐಟಿಗಳ ಪ್ರವೇಶಕ್ಕಿರುವ ಜೆಇಇ ಬರೆದವರಿಗೆ ಲೆಕ್ಕ ಬೇರೆ. ಅಲ್ಲಿ ಮೊದಲು ಕೈಗೆ ಬರುವುದು ಪರ್ಸೆಂಟೈಲ್. 95 ಬಂತು ಅಂದರೆ 100ಕ್ಕೆ 95 ಅಂಕ ಬಂದಂತೆ ಖುಷಿಪಡುತ್ತಾರೆ. ಬರೆದವರು 14 ಲಕ್ಷಕ್ಕೂ ಜಾಸ್ತಿ. 95 ಅಂದರೆ ಮುಂದೆ 70 ಸಾವಿರ ಜನ ಇದ್ದಾರೆ ಅಂತ. 99 ಬಂದರೂ ಮುಂದೆ 14 ಸಾವಿರ.

ಧಾರವಾಡದ ಐಐಟಿ ಬೆಳಗಾವಿಗೆ ಎರಡು ತಾಸಿನ ದಾರಿ. ನಮ್ಮ ನೆಲದಲ್ಲೇ ಇರುವುದರಿಂದ ನಮ್ಮ ಮಕ್ಕಳಿಗೆ ಸ್ವಲ್ಪ ಸುಲಭ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಐಐಟಿಯಲ್ಲಿ ರಾಜ್ಯದವರಿಗೆ ಅಂತ ಸೀಟೇ ಇಲ್ಲ. ಎನ್‌ಐಟಿಯಲ್ಲಿ ಇದೆ. ಸುರತ್ಕಲ್‌ನಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಆದರೆ ಕರ್ನಾಟಕದವರು ಅಂದರೆ ಯಾರು? 12ನೇ ತರಗತಿ ಕರ್ನಾಟಕದಲ್ಲಿ ಪಾಸಾದವರು. ಬೆಳಗಾವಿಯ ಹುಡುಗ ಕೊಲ್ಹಾಪುರದಲ್ಲಿ 12ನೇ ಮುಗಿಸಿದರೆ ಅವನು ಮಹಾರಾಷ್ಟ್ರದ ಲೆಕ್ಕ. ಹೈದರಾಬಾದಿನಲ್ಲಿ ಮುಗಿಸಿದರೆ ತೆಲಂಗಾಣದ ಲೆಕ್ಕ. ಕೋಚಿಂಗ್‌ಗೆ ಮಕ್ಕಳನ್ನು ಹೊರಗೆ ಕಳಿಸುವ ಮೊದಲು ಇದನ್ನು ಯೋಚಿಸಿ. ಸಿಇಟಿಗೆ ಸಾಮಾನ್ಯ ನಿಯಮ ಬೇರೆ. ಕರ್ನಾಟಕದಲ್ಲಿ ಏಳು ವರ್ಷ ಓದಿ, ಹತ್ತನೆಯದೋ ಹನ್ನೆರಡನೆಯದೋ ಇಲ್ಲೇ ಪಾಸಾಗಿದ್ದರೆ ಅರ್ಹತೆ ಇದೆ.

ಐಐಟಿ, ಎನ್‌ಐಟಿಗೆ ಜಾತಿ ಪಟ್ಟಿಯೂ ಬೇರೆ. ರಾಜ್ಯದಲ್ಲಿ 3ಬಿ ಇದ್ದವರೆಲ್ಲ ಕೇಂದ್ರದಲ್ಲಿ ಒಬಿಸಿ ಅಲ್ಲ. ವೀರಶೈವ ಲಿಂಗಾಯತರಲ್ಲಿ ಕೆಲವು ಉಪಜಾತಿಗಳು ಮಾತ್ರ ಕೇಂದ್ರದ ಪಟ್ಟಿಯಲ್ಲಿವೆ. ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಇದೆಯಲ್ಲ ಅನ್ನುವವರು ಅದರ ನಿಯಮ ಓದಬೇಕು. ಆದಾಯ 8 ಲಕ್ಷದ ಒಳಗೆ ಇದ್ದರೆ ಸಾಲದು, ಐದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ಜಮೀನು ಇರಬಾರದು. ಇಂಡಿ, ಸಿಂದಗಿ ಕಡೆ ಎಂಟು ಎಕರೆ ಒಣಭೂಮಿಯಲ್ಲಿ ತೊಗರಿ ಬೆಳೆದು ಮೂರು ವರ್ಷಕ್ಕೊಮ್ಮೆ ಬೆಳೆ ಕಾಣುವ ಮನೆಗಳಿವೆ. ಕಾಗದದ ಮೇಲೆ ಅವರು ಸ್ಥಿತಿವಂತರು. ನೀರಾವರಿ ಇರುವ ನಾಲ್ಕು ಎಕರೆಯವನಿಗೆ ಸಿಗುವುದು ಅವರ ಮಕ್ಕಳಿಗೆ ಸಿಗುವುದಿಲ್ಲ. ಇದು ನ್ಯಾಯವಲ್ಲ, ಒಣಭೂಮಿಗೆ ಬೇರೆ ಅಳತೆ ಬೇಕು.

ಹೆಣ್ಣುಮಕ್ಕಳಿಗೆ ಐಐಟಿ, ಎನ್‌ಐಟಿಗಳಲ್ಲಿ ಹೆಚ್ಚುವರಿ ಸೀಟು ಇವೆ. 2018ರಿಂದ ಶುರುವಾಗಿದ್ದು. ಆ ಸೀಟು ಹಂಚುವ ಜೋಸಾದ ಪಟ್ಟಿಯಲ್ಲಿ ಅದಕ್ಕೆ ಬೇರೆಯದೇ ಸಾಲು ಇದೆ, ಅಲ್ಲಿ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಸಾಕಷ್ಟು ಹಿಂದೆ ಇರುತ್ತದೆ. ಹೆಣ್ಣುಮಕ್ಕಳ ಅಪ್ಪಂದಿರು ಸಾಮಾನ್ಯ ಸಾಲನ್ನು ನೋಡಿ ಕೈಚೆಲ್ಲುವುದನ್ನು ಕಂಡಿದ್ದೇನೆ.

ಆ ಸಂಜೆ ಪಟ್ಟಿ ಮುಗಿಯುವಷ್ಟರಲ್ಲಿ ಏಳು ಗಂಟೆ. ಒಟ್ಟು 46 ಆಯ್ಕೆ. ಹುಡುಗಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ತಾನೇ ಎರಡು ವರ್ಷದ ಅಂಕಿ ಬರೆದುಕೊಂಡಿದ್ದಳು, ಮೊದಲ ಸುತ್ತು ಎಡಕ್ಕೆ, ಕೊನೆಯ ಸುತ್ತು ಬಲಕ್ಕೆ. ಅಪ್ಪನ ಮೊಬೈಲ್‌ನಲ್ಲಿದ್ದ ಆ 31 ಸಾವಿರ ಮೊದಲ ಸುತ್ತಿನದ್ದು ಅಂತ ಅವಳೇ ಕಂಡುಹಿಡಿದಳು. ಅದೇ ಕಾಲೇಜಿನ ಬಲಗಡೆಯ ಅಂಕಿ 40 ಸಾವಿರ ದಾಟಿತ್ತು. ಅಪ್ಪನ ಮುಂದೆ ನೋಟ್‌ಬುಕ್ ಹಿಡಿದು, "ಅಪ್ಪಾ, ಇಲ್ನೋಡು" ಅಂದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು.